ಜಾನ್ ಪ್ರೈನ್ ಹಾಡು ಕೇಳುವವರು ಇಲ್ಲಿ ಯಾರಿದ್ದೀರಿ?

ಏಪ್ರಿಲ್ ಮಳೆ:
ಏಪ್ರಿಲ್ 7 ಹತ್ತಿರ ಬಂದಾಗಲೆಲ್ಲ ನಾನು ಜಾನ್ ಪ್ರೈನ್ ಹಾಡುಗಳನ್ನು ಹಾಕಿಕೊಂಡು ಕೂರುತ್ತೇನೆ. 2020ರಲ್ಲಿ ಅದೇ ದಿನ ನ್ಯಾಶ್‌ವಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. 73 ವರ್ಷ ಆಗಿತ್ತು. ಅಮೆರಿಕದ ಕಂಟ್ರಿ ಸಂಗೀತ ಅಂದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಟೋಪಿ, ಕುದುರೆ, ಟ್ರಕ್ಕು ಇಷ್ಟೇ ನೆನಪಾಗುತ್ತದೆ. ಪ್ರೈನ್ ಹಾಡುಗಳಲ್ಲಿ ಇರುವವರೇ ಬೇರೆ. ಮಕ್ಕಳೆಲ್ಲ ದೂರ ಹೋದ ಮೇಲೆ ಇಬ್ಬರೇ ಉಳಿದ ಮುದುಕ-ಮುದುಕಿ. ಯುದ್ಧದಿಂದ ಬಂದು ಮಾದಕ ವಸ್ತುವಿನ ಚಟಕ್ಕೆ ಬಿದ್ದ ಸೈನಿಕ. ಅಡುಗೆಮನೆಯಲ್ಲಿ ನೊಣಗಳ ಸದ್ದು ಕೇಳುತ್ತಾ ನಿಂತ ಗೃಹಿಣಿ.

ಈ ಹಾಡುಗಳನ್ನು ಬರೆದಾಗ ಅವರಿಗೆ ಇಪ್ಪತ್ತೆರಡು-ಇಪ್ಪತ್ಮೂರು ವಯಸ್ಸು. ಕೆಲಸ ಪೋಸ್ಟ್‌ಮ್ಯಾನ್. ಅಷ್ಟು ಚಿಕ್ಕ ಹುಡುಗನಿಗೆ ಮುಪ್ಪಿನ ಒಂಟಿತನ ಹೇಗೆ ಗೊತ್ತಾಯಿತು? ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ. ನಿಮಗೆ ಗೊತ್ತಿದ್ದದ್ದು ಹೇಳಿ. ಮೊದಲು ಕೇಳಿದ ಹಾಡು ಯಾವುದು ಅಂತಲೂ ಹೇಳಿ.

ಹಳೇ ರೇಡಿಯೋ:
ನನ್ನದು ‘ಪ್ಯಾರಡೈಸ್’. ಆಮೇಲೆ 1971ರ ಆ ಮೊದಲ ಆಲ್ಬಮ್ ಇಡೀ ಕೇಳಿದೆ. ಒಬ್ಬ ಮನುಷ್ಯನ ಮೊದಲ ಆಲ್ಬಮ್‌ನಲ್ಲೇ ‘ಸ್ಯಾಮ್ ಸ್ಟೋನ್’, ‘ಹಲೋ ಇನ್ ದೇರ್’, ‘ಏಂಜಲ್ ಫ್ರಮ್ ಮಾಂಟ್‌ಗೊಮರಿ’, ‘ಪ್ಯಾರಡೈಸ್’ ನಾಲ್ಕೂ ಇವೆ ಅಂದರೆ ನಂಬಲಿಕ್ಕೆ ಆಗುವುದಿಲ್ಲ. ಎಷ್ಟೋ ಜನ ಇಡೀ ಜೀವಮಾನದಲ್ಲಿ ಇಂಥದ್ದು ಒಂದು ಬರೆದರೆ ದೊಡ್ಡದು.

ಅಂಚೆಚೀಟಿ:
ಪೋಸ್ಟ್‌ಮ್ಯಾನ್ ಅಂದಿರಲ್ಲ, ಅದಕ್ಕೇ ಬಂದೆ. ನಾನು ಅಂಚೆ ಇಲಾಖೆಯಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಬೀಟ್, ಅಂದರೆ ದಿನಾ ಟಪಾಲು ಹಂಚುವ ದಾರಿ, ಒಮ್ಮೆ ಕಾಲಿಗೆ ಅಭ್ಯಾಸವಾದರೆ ತಲೆಗೆ ಕೆಲಸವೇ ಇರುವುದಿಲ್ಲ. ಯಾವ ಮನೆ, ಯಾವ ಗೇಟು, ಎಲ್ಲಿ ನಾಯಿ ಇದೆ, ಎಲ್ಲ ಕಾಲಿಗೇ ಗೊತ್ತು. ಪ್ರೈನ್ ಇದನ್ನೇ ಹೇಳುತ್ತಿದ್ದರು: ಟಪಾಲು ಹಂಚುವ ದಾರಿ ಎಂದರೆ ಪುಸ್ತಕಗಳಿಲ್ಲದ ಗ್ರಂಥಾಲಯ ಇದ್ದ ಹಾಗೆ ಅಂತ. ನಡೆಯುತ್ತಾ ನಡೆಯುತ್ತಾ ಹಾಡು ಕಟ್ಟುತ್ತಿದ್ದರಂತೆ.

ಅಲ್ಲಿ ರಸ್ತೆ ಬದಿಯಲ್ಲಿ ದೊಡ್ಡ ಪೆಟ್ಟಿಗೆಗಳು ಇರುತ್ತಿದ್ದವು. ಹಂಚಬೇಕಾದ ಟಪಾಲಿನ ಕಟ್ಟುಗಳನ್ನು ಮೊದಲೇ ತಂದು ಅದರಲ್ಲಿ ಇಡುತ್ತಾರೆ, ಪೋಸ್ಟ್‌ಮ್ಯಾನ್ ಬಂದು ಬೀಗ ತೆಗೆದು ತೆಗೆದುಕೊಳ್ಳುತ್ತಾನೆ. ಶಿಕಾಗೋ ಗಾಳಿ ತಡೆಯಲಾರದೆ ಅಂಥ ಪೆಟ್ಟಿಗೆಯೊಳಗೆ ತಲೆ ತೂರಿಸಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ‘ಹಲೋ ಇನ್ ದೇರ್’ ಹುಟ್ಟಿದ ಕಥೆಯಲ್ಲಿ ಈ ಪೆಟ್ಟಿಗೆಯೂ ಬರುತ್ತದೆ.

ಇನ್ನು ನಿಮ್ಮ ಪ್ರಶ್ನೆಗೆ. ಟಪಾಲು ಹಂಚುವವನಿಗೆ ಒಂಟಿಯಾಗಿರುವ ಮುದುಕರು ಯಾರು ಅಂತ ಗೊತ್ತಿರುತ್ತದೆ. ಏನೂ ಬಂದಿಲ್ಲ ಅಂದರೂ ಬಾಗಿಲಲ್ಲಿ ನಿಂತಿರುತ್ತಾರೆ. ಒಂದು ಮಾತಾಡಿಸಲಿ ಅಂತ.

ಏಪ್ರಿಲ್ ಮಳೆ:
ಅಂಚೆಚೀಟಿ ಸರ್, ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ಇನ್ನೂ ಬರೆಯಿರಿ ದಯವಿಟ್ಟು.

ಶಿಕಾಗೋ ಕನ್ನಡತಿ:
ಅದಕ್ಕೂ ಹಿಂದಿನದು ಒಂದಿದೆ. ಪ್ರೈನ್ ಚಿಕ್ಕ ಹುಡುಗನಾಗಿದ್ದಾಗ ಗೆಳೆಯನ ಜೊತೆ ಪೇಪರ್ ಹಾಕಲು ಹೋಗುತ್ತಿದ್ದರು. ಆ ದಾರಿಯಲ್ಲಿ ಒಂದು ವೃದ್ಧಾಶ್ರಮ ಇತ್ತು. ಪೇಪರ್ ಕೊಡಲು ಒಳಗೆ ಹೋದರೆ ಕೆಲವು ಅಜ್ಜ-ಅಜ್ಜಿಯರು ಪಕ್ಕದವರ ಮುಂದೆ ಈ ಹುಡುಗರನ್ನು ತಮ್ಮ ಮೊಮ್ಮಕ್ಕಳು ಎಂಬಂತೆ ತೋರಿಸುತ್ತಿದ್ದರಂತೆ. ಅದು ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಅವರು ಹುಟ್ಟಿದ್ದು ಶಿಕಾಗೋ ಪಕ್ಕದ ಮೇವುಡ್‌ನಲ್ಲಿ, 1946ರ ಅಕ್ಟೋಬರ್ 10. ನಾನು ಇರುವ ಕಡೆಯಿಂದ ದೂರ ಇಲ್ಲ. ಕಾರ್ಖಾನೆ ಕೆಲಸದ ಕುಟುಂಬಗಳ ಊರು. ಅಪ್ಪನೂ ಕಾರ್ಖಾನೆಯಲ್ಲಿ ಅಚ್ಚು-ಉಪಕರಣ ತಯಾರಿಸುವ ಕುಶಲ ಕೆಲಸಗಾರ. ಕೆಂಟಕಿಯಿಂದ ವಲಸೆ ಬಂದವರು.

ನೇರ ಮಾತು:
ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇವರ ಹಾಡುಗಳಲ್ಲಿ ದುಃಖ ಜಾಸ್ತಿ. ಒಂದಾದ ಮೇಲೆ ಒಂದು ಕೇಳಿದರೆ ಎದೆ ಭಾರವಾಗುತ್ತದೆ. ಗಂಟಲೂ ಅಂಥಾ ದೊಡ್ಡ ಗಂಟಲಲ್ಲ. ಸಾಹಿತ್ಯ ಚೆನ್ನಾಗಿದೆ ಅಂತ ಒಪ್ಪುತ್ತೇನೆ. ಆದರೆ ಇವರನ್ನು ಕಂಟ್ರಿ ಗಾಯಕ ಅಂತ ಯಾಕೆ ಕರೆಯಬೇಕು? ಇವರು ಫೋಕ್, ಅಂದರೆ ಜಾನಪದ ಶೈಲಿಯ ಗಾಯಕ. ಶಿಕಾಗೋ ಫೋಕ್ ಕ್ಲಬ್‌ಗಳಿಂದ ಬಂದವರು.

ಹಳೇ ರೇಡಿಯೋ:
ಕಂಟ್ರಿ ಅಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರ ಅಪ್ಪನಿಗೆ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಅಂದರೆ ಪ್ರಾಣ. ಅಪ್ಪನನ್ನು ಖುಷಿಪಡಿಸಲೆಂದೇ ಹುಡುಗ ಆ ಹಾಡುಗಳನ್ನು ಕಲಿತದ್ದು. ಗಿಟಾರ್ ಹೇಳಿಕೊಟ್ಟದ್ದು ಅಣ್ಣ ಡೇವ್. ಮುಂದೆ ರೋಜರ್ ಕುಕ್ ಜೊತೆ ಸೇರಿ ಬರೆದ ಹಾಡು ಡಾನ್ ವಿಲಿಯಮ್ಸ್ ಕಂಠದಲ್ಲಿ 1983ರಲ್ಲಿ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಅದೇ ಜೋಡಿಯ ಇನ್ನೊಂದು ಹಾಡನ್ನು ಜಾರ್ಜ್ ಸ್ಟ್ರೇಟ್ 1998ರಲ್ಲಿ ಮೊದಲ ಸ್ಥಾನಕ್ಕೆ ಒಯ್ದರು. 1999ರಲ್ಲಿ ಹಳೆಯ ಕಂಟ್ರಿ ಹಾಡುಗಳನ್ನು ಗಾಯಕಿಯರ ಜೊತೆ ಹಾಡಿದ ಇಡೀ ಆಲ್ಬಮ್ಮೇ ಇದೆ. ಇದಕ್ಕಿಂತ ಇನ್ನೇನು ಬೇಕು?

ತಂತಿ ಮೀಟು:
ಕೈಬೆರಳು ಕೇಳಿದರೂ ಗೊತ್ತಾಗುತ್ತದೆ ಗುರು. ಹೆಬ್ಬೆರಳು ಎರಡು ಮಂದ್ರ ತಂತಿಗಳ ನಡುವೆ ಆಕಡೆ ಈಕಡೆ ಓಡುತ್ತಾ ತಾಳ ಇಡುತ್ತದೆ, ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ರಾಗ ನುಡಿಸುತ್ತವೆ. ಇದಕ್ಕೆ ಟ್ರಾವಿಸ್ ಪಿಕಿಂಗ್ ಅನ್ನುತ್ತಾರೆ. ಆ ಹೆಸರು ಬಂದದ್ದು ಕಂಟ್ರಿ ಗಿಟಾರ್ ವಾದಕ ಮರ್ಲ್ ಟ್ರಾವಿಸ್‌ರಿಂದ. ಮರ್ಲ್ ಟ್ರಾವಿಸ್ ಹುಟ್ಟಿದ್ದು ಕೆಂಟಕಿಯ ಮ್ಯೂಲನ್‌ಬರ್ಗ್ ಕೌಂಟಿಯಲ್ಲಿ. ಪ್ರೈನ್ ಅಪ್ಪ-ಅಮ್ಮನ ಊರೂ ಅದೇ ಕೌಂಟಿ! ಹಾಡುಗಾರ ಜೋಡಿ ಎವರ್ಲಿ ಬ್ರದರ್ಸ್ ಮನೆತನವೂ ಅಲ್ಲಿಯದೇ. ಕಲ್ಲಿದ್ದಲ ಗಣಿಗಳ ಸೀಮೆಯಲ್ಲಿ ಬೆಳೆದ ಬೆರಳುಗಾರಿಕೆ ಅದು.

ನೇರ ಮಾತು:
ಸರಿ, ಕಂಟ್ರಿ ವಿಷಯ ಬಿಟ್ಟೆ. ಕೆಂಟಕಿ ಲೆಕ್ಕ ಗಟ್ಟಿ ಇದೆ. ಆದರೆ ದುಃಖದ ಮಾತು ಬಿಡುವುದಿಲ್ಲ. ‘ಸ್ಯಾಮ್ ಸ್ಟೋನ್’ ಎಷ್ಟು ಕಠೋರ! ವಿಯೆಟ್ನಾಂನಲ್ಲಿ ಹೋರಾಡಿ ಬಂದವರೇ ಆದ್ದರಿಂದ ಹಾಗೆ ಬರೆದರು ಅನ್ನಿಸುತ್ತದೆ.

ಶಿಕಾಗೋ ಕನ್ನಡತಿ:
ಇಲ್ಲ, ಪ್ರೈನ್ ವಿಯೆಟ್ನಾಂಗೆ ಹೋಗಲೇ ಇಲ್ಲ. ಸೈನ್ಯಕ್ಕೆ ಕರೆ ಬಂದದ್ದು ನಿಜ. ಆದರೆ ಕಳಿಸಿದ್ದು ಪಶ್ಚಿಮ ಜರ್ಮನಿಗೆ. ಅಲ್ಲಿ ಮೆಕ್ಯಾನಿಕ್ ಕೆಲಸ. ವಾಪಸ್ ಬಂದಾಗ ಜೊತೆಯ ಹುಡುಗರು ವಿಯೆಟ್ನಾಂನಿಂದ ಬಂದ ಸ್ಥಿತಿ ನೋಡಿದರು. ಸ್ಯಾಮ್ ಸ್ಟೋನ್ ಒಬ್ಬ ವ್ಯಕ್ತಿ ಅಲ್ಲ, ಅಂಥ ಹಲವರು ಸೇರಿ ಆದವನು.

ಆ ಹಾಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮಗುವಿನ ಕಣ್ಣು. ಅಪ್ಪನಿಗೆ ಪದಕ ಬಂತು, ಮೊಣಕಾಲಿಗೆ ಸಿಡಿಗುಂಡಿನ ಚೂರು ಹೊಕ್ಕಿತು, ನೋವಿಗೆ ಮಾರ್ಫೀನ್ ಬಂತು. ಯುದ್ಧ ಸರಿಯೋ ತಪ್ಪೋ ಅನ್ನುವ ಭಾಷಣ ಒಂದು ಸಾಲೂ ಇಲ್ಲ. ಮನೆಯ ದುಡ್ಡೆಲ್ಲ ಅಪ್ಪನ ತೋಳಿನೊಳಗೆ ಹೋಗುತ್ತಿದೆ ಎಂದು ಮಗು ನೋಡುತ್ತಿದೆ, ಅಷ್ಟೇ.

ಕೇಳುಗ:
ಜಾನಿ ಕ್ಯಾಶ್ ಆ ಹಾಡನ್ನು ಹಾಡಿದಾಗ ಪಲ್ಲವಿಯ ಒಂದು ಸಾಲು ಬದಲಿಸಿದರು, ಅಲ್ವಾ? ಯೇಸು ಸತ್ತದ್ದೂ ವ್ಯರ್ಥವೇ ಇರಬೇಕು ಅನ್ನುವ ಅರ್ಥದ ಸಾಲು. ಕ್ಯಾಶ್ ದೊಡ್ಡ ದೈವಭಕ್ತರು. ಅಪ್ಪನಿಗೆ ಆಗ ಬಹಳ ನೋವಾಗಿರಬೇಕು ಅಂತ ಮಾಡಿಕೊಂಡರು. ನನಗೆ ಕ್ಯಾಶ್ ಸಾಲೇ ಮೃದುವಾಗಿದೆ, ಚೆನ್ನಾಗಿದೆ ಅನ್ನಿಸುತ್ತದೆ.

ಹಳೇ ರೇಡಿಯೋ:
ಮೃದುವಾಗಿದೆ ನಿಜ, ಅಲ್ಲೇ ತೊಂದರೆ. ನಂಬಿಕೆಯೇ ಮುರಿದ ಮನೆಯ ಹಾಡು ಅದು. ದೇವರನ್ನು ಬೈಯುವ ಸಾಲು ಅಂತ ಓದಬೇಡಿ, ಇನ್ನು ಯಾರನ್ನು ಕೇಳಬೇಕು ಅಂತ ಗೊತ್ತಾಗದವರ ಸಾಲು. ಅದನ್ನು ತೆಗೆದರೆ ಹಾಡಿನ ಬೆನ್ನುಮೂಳೆಯೇ ಹೋಗುತ್ತದೆ.

ಕೇಳುಗ:
ನಂಬಿಕೆ ಇರುವವನು ಬಾಯಲ್ಲಿ ಹೇಳಲಾಗದ್ದನ್ನು ಹೇಳಬೇಕು ಅಂತ ಬಲವಂತ ಮಾಡಲಿಕ್ಕೆ ಆಗುವುದಿಲ್ಲ. ಹಾಡಲೇ ಇಲ್ಲದಿದ್ದರೆ? ಅಷ್ಟು ದೊಡ್ಡ ಗಾಯಕ ಅದನ್ನು ಎತ್ತಿಕೊಂಡು ಹಾಡಿದ್ದೇ ಮುಖ್ಯ ನನಗೆ.

ಗಣಿ ಯಂತ್ರ:
‘ಪ್ಯಾರಡೈಸ್’ ಬಗ್ಗೆ ಬರೆಯುತ್ತೇನೆ. ನಾನು ಗಣಿ ಯಂತ್ರಗಳ ನಿರ್ವಹಣೆಯಲ್ಲಿ ಕೆಲಸ ಮಾಡಿದವನು. ಹಾಡಿನಲ್ಲಿ ಲೋಕದಲ್ಲೇ ದೊಡ್ಡ ಸಲಿಕೆ ಅಂತ ಬರುತ್ತದಲ್ಲ, ಅದು ಉತ್ಪ್ರೇಕ್ಷೆ ಅಲ್ಲ. ಮ್ಯೂಲನ್‌ಬರ್ಗ್ ಕೌಂಟಿಯ ಸಿಂಕ್ಲೇರ್ ಗಣಿಗೆ 1962ರಲ್ಲಿ ಬಂದ ಬ್ಯೂಸೈರಸ್-ಈರಿ 3850-ಬಿ ಶವಲ್ (ನೆಲ ಅಗೆಯುವ ಯಂತ್ರ) ಆ ಕಾಲಕ್ಕೆ ನಿಜವಾಗಿಯೂ ಲೋಕದಲ್ಲೇ ದೊಡ್ಡದು. ಬಕೆಟ್ 115 ಘನ ಗಜ. ಒಂದು ಸಲ ಬಾಯಿ ಹಾಕಿದರೆ ಸುಮಾರು 88 ಘನ ಮೀಟರ್ ಮಣ್ಣು. ಸುರಂಗ ತೋಡಿ ಕಲ್ಲಿದ್ದಲು ತೆಗೆಯುವುದು ಬೇರೆ, ಇದು ಬೇರೆ. ಮೇಲಿನ ಮಣ್ಣು, ಮರ, ಬಂಡೆ ಎಲ್ಲ ಕಿತ್ತು ಪಕ್ಕಕ್ಕೆ ಹಾಕಿ ಕೆಳಗಿನ ಪದರ ಎತ್ತುತ್ತಾರೆ. ಆಮೇಲೆ ಆ ನೆಲ ಮೊದಲಿನ ಹಾಗೆ ಇರುವುದಿಲ್ಲ.

ಪ್ಯಾರಡೈಸ್ ಅನ್ನುವುದು ಗ್ರೀನ್ ನದಿ ದಂಡೆಯ ನಿಜವಾದ ಪುಟ್ಟ ಊರು. ಪಕ್ಕದಲ್ಲೇ ಸರ್ಕಾರಿ ವಿದ್ಯುತ್ ಸಂಸ್ಥೆ ಟಿವಿಎ ದೊಡ್ಡ ಉಷ್ಣ ಸ್ಥಾವರ ಕಟ್ಟಿತು. ಬೂದಿ ಬಿದ್ದು ಜನ ಇರಲಾರದಂತಾಯಿತು. ಟಿವಿಎ ಊರನ್ನೇ ಕೊಂಡು ಕೆಡವಿಹಾಕಿತು. ಹಾಡಿನಲ್ಲಿ ಬೈಸಿಕೊಳ್ಳುವುದು ಪೀಬಾಡಿ ಕಲ್ಲಿದ್ದಲು ಕಂಪನಿ ಒಂದೇ. ಊರು ಕೆಡವಿದವರು ಟಿವಿಎ. ಇದನ್ನೂ ಹೇಳಬೇಕು ನ್ಯಾಯವಾಗಿ.

ಸಾಗರದವಳು:
ನ್ಯಾಯದ ಮಾತು ಒಪ್ಪಿದೆ. ಆದರೆ ಸ್ಥಾವರಕ್ಕೆ ಕಲ್ಲಿದ್ದಲು ಬೇಕು, ಕಲ್ಲಿದ್ದಲಿಗೆ ಗಣಿ ಬೇಕು. ಎರಡೂ ಸೇರಿಯೇ ಊರು ನುಂಗಿದ್ದು. ಊರು ಕಳಕೊಂಡವರಿಗೆ ಯಾವ ಕಂಪನಿ ಯಾವ ಇಲಾಖೆ ಅಂತ ಬಿಡಿಸಿ ನೋಡುವ ತಾಳ್ಮೆ ಇರುವುದಿಲ್ಲ. ನಮ್ಮ ಅಜ್ಜನ ಮನೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜ ದಂಡೆಗೆ ಹೋಗಿ ಬೆರಳು ಮಾಡಿ ತೋಟ ಅಲ್ಲಿತ್ತು, ಬಾವಿ ಇಲ್ಲಿತ್ತು ಅಂತ ತೋರಿಸುತ್ತಿದ್ದರು. ಆ ಹಾಡಿನಲ್ಲಿ ಮಗ ಅಪ್ಪನಿಗೆ ನಮ್ಮೂರಿಗೆ ಕರೆದುಕೊಂಡು ಹೋಗು ಅನ್ನುತ್ತಾನೆ, ಅಪ್ಪ ನೀನು ಕೇಳಿದ್ದು ತಡವಾಯಿತು ಮಗಾ ಅನ್ನುತ್ತಾನೆ. ನನಗೆ ಅದು ದೂರದ ಹಾಡು ಅಂತ ಒಂದು ದಿನವೂ ಅನ್ನಿಸಿಲ್ಲ.

ಗಣಿ ಯಂತ್ರ:
ನಿಮ್ಮ ಮಾತಿಗೆ ಎದುರು ಹೇಳುವುದಿಲ್ಲ ತಂಗಿ. ಅಲ್ಲಿಯ ಸ್ಥಾವರದಲ್ಲಿ ಕಲ್ಲಿದ್ದಲು ಸುಡುವುದು ನಿಂತದ್ದು 2020ರ ಫೆಬ್ರವರಿಯಲ್ಲಿ. ಪ್ರೈನ್ ಹೋಗುವ ಎರಡು ತಿಂಗಳ ಮೊದಲು.

ಶಿಕಾಗೋ ಕನ್ನಡತಿ:
ಆ ಹಾಡು ಬರೆದದ್ದು ಅಪ್ಪನಿಗಾಗಿ. ಆಲ್ಬಮ್ ಹೊರಗೆ ಬರುವ ಮೊದಲು ಟೇಪ್ ತಂದು, ಅದನ್ನು ನುಡಿಸುವ ಯಂತ್ರ ಎಲ್ಲಿಂದಲೋ ಎರವಲು ತಂದು ಅಪ್ಪನಿಗೆ ಕೇಳಿಸಿದರು. ‘ಪ್ಯಾರಡೈಸ್’ ಶುರುವಾದದ್ದೇ ಅಪ್ಪ ಎದ್ದು ಪಕ್ಕದ ಕೋಣೆಗೆ ಹೋಗಿ ಕತ್ತಲಲ್ಲಿ ಕೂತರಂತೆ. ಯಾಕೆ ಅಂತ ಕೇಳಿದರೆ, ಜೂಕ್‌ಬಾಕ್ಸ್‌ನಲ್ಲಿ ಬರುತ್ತಿದೆ ಅಂದುಕೊಳ್ಳಬೇಕಿತ್ತು ಅಂದರು. ಮಗನ ಹಾಡು ಊರಿನ ಹೋಟೆಲಿನಲ್ಲಿ ಬೇರೆ ಯಾರೋ ಕಾಸು ಹಾಕಿ ಕೇಳುತ್ತಿರುವ ಹಾಗೆ ಕೇಳಬೇಕಿತ್ತು ಅವರಿಗೆ. 1971ರಲ್ಲೇ ತೀರಿಕೊಂಡರು ಅಪ್ಪ.

ಏಪ್ರಿಲ್ ಮಳೆ:
ಪ್ರೈನ್ ಬೂದಿಯ ಅರ್ಧ ಭಾಗವನ್ನು ಅದೇ ಗ್ರೀನ್ ನದಿಗೆ ಬಿಟ್ಟರು. ಹಾಡಿನ ಕೊನೇ ಚರಣದಲ್ಲಿ ಕೇಳಿಕೊಂಡಿದ್ದರಲ್ಲ, ಅದರಂತೆ.

ರಸ್ತೆ ಬದಿ:
ಇವರನ್ನು ಕಂಡುಹಿಡಿದವರು ಗಾಯಕ ಕ್ರಿಸ್ ಕ್ರಿಸ್ಟಾಫರ್ಸನ್ ಅಂತ ಎಲ್ಲ ಕಡೆ ಓದಿದ್ದೇನೆ.

ಹಳೇ ರೇಡಿಯೋ:
ಕ್ರಿಸ್ಟಾಫರ್ಸನ್ ಲೋಕಕ್ಕೆ ತೋರಿಸಿದರು, ಕಂಡುಹಿಡಿದದ್ದು ಅಲ್ಲ. ಕ್ರಮವಾಗಿ ಹೇಳುತ್ತೇನೆ.

1969ರ ಸುಮಾರಿಗೆ ಶಿಕಾಗೋದ ಫಿಫ್ತ್ ಪೆಗ್ ಅನ್ನುವ ಸಣ್ಣ ಜಾಗ. ಅಲ್ಲಿ ಯಾರು ಬೇಕಾದರೂ ವೇದಿಕೆ ಹತ್ತಿ ಹಾಡಬಹುದಿತ್ತು. ಹಾಡುವವರ ಬಗ್ಗೆ ಪ್ರೈನ್ ಕೆಳಗಿಂದ ಏನೋ ಗೊಣಗಿದರು. ಯಾರೋ, ಹಾಗಾದರೆ ನೀನೇ ಹತ್ತು ನೋಡೋಣ ಅಂದರು. ಹತ್ತಿದರು. ‘ಸ್ಯಾಮ್ ಸ್ಟೋನ್’ ಹಾಡಿದರು. ಮುಗಿದಾಗ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ, ಸುಮ್ಮನೆ ನೋಡುತ್ತಾ ಕೂತರು. ಆಮೇಲೆ ಚಪ್ಪಾಳೆ ಬಂತು, ಬಂದದ್ದು ನಿಲ್ಲಲಿಲ್ಲ. ಮಾಲೀಕರು ಅಲ್ಲೇ ಕೆಲಸ ಕೊಟ್ಟರು.

1970ರಲ್ಲಿ ಶಿಕಾಗೋ ಸನ್-ಟೈಮ್ಸ್ ಪತ್ರಿಕೆಯ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಅಲ್ಲಿಗೆ ಬಂದರು. ನೋಡುತ್ತಿದ್ದ ಸಿನಿಮಾ ಹಿಡಿಸದೆ ಎದ್ದು ಬಿಯರ್ ಕುಡಿಯಲು ಬಂದವರು. ಸಿನಿಮಾ ವಿಮರ್ಶೆ ಬಿಟ್ಟು ಈ ಹಾಡುವ ಪೋಸ್ಟ್‌ಮ್ಯಾನ್ ಬಗ್ಗೆ ಬರೆದರು. ಪ್ರೈನ್ ಬಗ್ಗೆ ಬಂದ ಮೊದಲ ವಿಮರ್ಶೆ ಅದೇ. ಜನ ತುಂಬಲಾರಂಭಿಸಿದರು.

1971ರಲ್ಲಿ ಗೆಳೆಯ ಸ್ಟೀವ್ ಗುಡ್‌ಮನ್ ಶಿಕಾಗೋದಲ್ಲಿ ಕ್ರಿಸ್ಟಾಫರ್ಸನ್ ಕಾರ್ಯಕ್ರಮಕ್ಕೆ ಮುಂಚೆ ಹಾಡುತ್ತಿದ್ದರು. ಕ್ರಿಸ್ಟಾಫರ್ಸನ್‌ಗೆ ಗುಡ್‌ಮನ್ ಹಾಡು ಹಿಡಿಸಿತು. ಗುಡ್‌ಮನ್ ಏನು ಮಾಡಬೇಕಿತ್ತು? ತನ್ನ ಕೆಲಸ ನೋಡಿಕೊಳ್ಳಬೇಕಿತ್ತು. ಅವರು ಮಾಡಿದ್ದು, ನನ್ನ ಗೆಳೆಯನ ಹಾಡು ಕೇಳಲೇಬೇಕು ಅಂತ ರಾತ್ರೋರಾತ್ರಿ ಕ್ರಿಸ್ಟಾಫರ್ಸನ್ ಮತ್ತು ಗಾಯಕ ಪಾಲ್ ಆಂಕಾ ಇಬ್ಬರನ್ನೂ ಪ್ರೈನ್ ಹಾಡುತ್ತಿದ್ದ ಕ್ಲಬ್‌ಗೆ ಎಳೆದುಕೊಂಡು ಹೋದದ್ದು. ಆಗಲೇ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟಿದ್ದರು. ಖಾಲಿ ಜಾಗದಲ್ಲಿ ಪ್ರೈನ್ ಹಾಡಿದರು. ಕ್ರಿಸ್ಟಾಫರ್ಸನ್ ಇನ್ನೊಮ್ಮೆ ಹಾಡಿಸಿದರು. ಆಮೇಲೆ ನ್ಯೂಯಾರ್ಕ್‌ನಲ್ಲಿ ತಮ್ಮ ವೇದಿಕೆಗೆ ಕರೆದರು. ಕೇಳಿದ ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ಜೆರ್ರಿ ವೆಕ್ಸ್ಲರ್ ಮರುದಿನವೇ ಕರಾರು ಮುಂದಿಟ್ಟರು.

ಆದ್ದರಿಂದ ನನ್ನ ಪ್ರಕಾರ ಮೊದಲ ಕೃತಜ್ಞತೆ ಸ್ಟೀವ್ ಗುಡ್‌ಮನ್‌ಗೆ. ಆಗಲೇ ಅವರಿಗೆ ರಕ್ತದ ಕ್ಯಾನ್ಸರ್ ಇತ್ತು. 1984ರಲ್ಲಿ ತೀರಿಕೊಂಡರು, 36ನೇ ವಯಸ್ಸಿನಲ್ಲಿ.

ತಂತಿ ಮೀಟು:
ಈ ಇಬ್ಬರ ಸ್ನೇಹದ ಇನ್ನೊಂದು ಕಥೆ. ಡೇವಿಡ್ ಆಲನ್ ಕೋ 1975ರಲ್ಲಿ ಹಾಡಿ ಹಿಟ್ ಮಾಡಿದ ಒಂದು ತಮಾಷೆ ಹಾಡಿದೆ, ಕಂಟ್ರಿ ಹಾಡುಗಳನ್ನೇ ಕೀಟಲೆ ಮಾಡುವುದು. ಅದನ್ನು ಗುಡ್‌ಮನ್ ಮತ್ತು ಪ್ರೈನ್ ಸೇರಿ ಬರೆದದ್ದು. ಕಂಟ್ರಿಯವರಿಗೆ ನೋವಾಗಬಹುದು ಅಂತ ಪ್ರೈನ್ ತಮ್ಮ ಹೆಸರು ಹಾಕಿಸಿಕೊಳ್ಳಲಿಲ್ಲ. ಹಾಡು ದುಡ್ಡು ತಂದಾಗ ಗುಡ್‌ಮನ್ ಗೆಳೆಯನಿಗೆ ಒಂದು ಜೂಕ್‌ಬಾಕ್ಸ್ ಕೊಡಿಸಿದರು.

ಮೂರನೇ ಸಾಲು:
ಇಷ್ಟೆಲ್ಲ ಗಂಡಸರ ಕಥೆ ಆಯಿತು. ‘ಏಂಜಲ್ ಫ್ರಮ್ ಮಾಂಟ್‌ಗೊಮರಿ’ ಬಗ್ಗೆ ಯಾರೂ ಮಾತೇ ಆಡಲಿಲ್ಲ. ಮೊದಲ ಸಾಲಿನಲ್ಲೇ ನಾನೊಬ್ಬಳು ಮುದುಕಿ ಅಂತ ಶುರು. ಗಂಡ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುತ್ತಾನೆ, ಹೇಳಲಿಕ್ಕೆ ಒಂದು ಮಾತೂ ಇರುವುದಿಲ್ಲ ಅವನ ಹತ್ತಿರ. ಇದು ಹೇಗೆ ಸಾಧ್ಯ ಅಂತ ಕೇಳುತ್ತಾಳೆ. ಹೊಡೆಯಲಿಲ್ಲ, ಬೈಯಲಿಲ್ಲ, ಮಾತಿಲ್ಲ ಅಷ್ಟೇ. ಈ ನೋವಿಗೆ ದೂರು ಕೊಡಲಿಕ್ಕೂ ಬರುವುದಿಲ್ಲ. ನಮ್ಮ ಮನೆಗಳಲ್ಲೂ ಎಷ್ಟು ಹೆಂಗಸರು ಹೀಗೆ ಬದುಕಿದ್ದಾರೆ ಅಂತ ನನಗೆ ಗೊತ್ತು, ಹತ್ತಿರದಿಂದ ನೋಡಿದ್ದೇನೆ.

ನೇರ ಮಾತು:
ಅಕ್ಕ, ಒಂದು ಪ್ರಶ್ನೆ. ಇಪ್ಪತ್ಮೂರರ ಹುಡುಗ ಹೆಂಗಸಿನ ದನಿಯಲ್ಲಿ ಬರೆದರೆ ಅದು ಅವಳ ಮಾತು ಆಗುತ್ತದಾ? ಊಹೆ ಅಲ್ವಾ?

ಮೂರನೇ ಸಾಲು:
ಊಹೆಯೇ. ಆದರೆ ಗಮನ ಇಟ್ಟು ಮಾಡಿದ ಊಹೆ. ಅಡುಗೆಮನೆಯ ನೊಣದ ಸದ್ದು ಅವಳಿಗೆ ಕೇಳುತ್ತದೆ ಅಂತ ಬರೆಯಬೇಕಾದರೆ ಆ ಅಡುಗೆಮನೆ ಎಷ್ಟು ಮೌನವಾಗಿದೆ ಅಂತ ಅವನಿಗೆ ಗೊತ್ತಿರಬೇಕು. ಅವಳನ್ನು ಪಾಪ ಅನ್ನುವುದಿಲ್ಲ, ಅವಳಿಗೆ ಬುದ್ಧಿಯನ್ನೂ ಹೇಳುವುದಿಲ್ಲ. ಗಾಯಕಿ ಬಾನಿ ರೇಟ್ 1974ರಿಂದ ಇದನ್ನು ತಮ್ಮದೇ ಹಾಡು ಅನ್ನುವಂತೆ ಹಾಡಿಕೊಂಡು ಬಂದರು. 2020ರ ಜನವರಿಯಲ್ಲಿ ಪ್ರೈನ್‌ಗೆ ಜೀವಮಾನ ಸಾಧನೆಯ ಗ್ರ್ಯಾಮಿ ಕೊಟ್ಟಾಗ ಸಮಾರಂಭದಲ್ಲಿ ಅವರ ಎದುರೇ ಹಾಡಿದರು. ಹೆಂಗಸರು ಆ ಹಾಡನ್ನು ತಮ್ಮದು ಅಂತ ತೆಗೆದುಕೊಂಡಿದ್ದಾರೆ, ನನಗೆ ಅಷ್ಟು ಸಾಕ್ಷಿ ಸಾಕು.

ಚಿಲ್ಲರೆ ಅಂಗಡಿ:
ನನ್ನಂಥ ಸಣ್ಣ ವ್ಯಾಪಾರಿಗೆ ಇಷ್ಟವಾದದ್ದು ಅವರ ಕಂಪನಿ ಕಥೆ. ದೊಡ್ಡ ಕಂಪನಿಗಳ ಸಹವಾಸ ಸಾಕು ಅಂತ 1981ರಲ್ಲಿ ಮ್ಯಾನೇಜರ್ ಆಲ್ ಬುನೆಟಾ ಜೊತೆ ಓ ಬಾಯ್ ರೆಕಾರ್ಡ್ಸ್ ಶುರು ಮಾಡಿದರು. ಮುಂದಿನ ಆಲ್ಬಮ್ ಇನ್ನೂ ತಯಾರೇ ಆಗಿಲ್ಲ, ಅಭಿಮಾನಿಗಳು ಅಂಚೆಯಲ್ಲಿ ಮೊದಲೇ ದುಡ್ಡು ಕಳಿಸಿದರು. ಆ ದುಡ್ಡಿನಲ್ಲೇ ಧ್ವನಿಮುದ್ರಣದ ಖರ್ಚು ಹುಟ್ಟಿತು. ಇಂಟರ್ನೆಟ್ಟು, ಕ್ರೌಡ್‌ಫಂಡಿಂಗ್ ಇವೆಲ್ಲ ಬರುವ ಎಷ್ಟೋ ವರ್ಷ ಮೊದಲು! 1991ರಲ್ಲಿ ಅದೇ ಪುಟ್ಟ ಕಂಪನಿಯಿಂದ ಬಂದ ‘ದ ಮಿಸ್ಸಿಂಗ್ ಇಯರ್ಸ್’ಗೆ ಗ್ರ್ಯಾಮಿ ಬಂತು.

ಅಂಚೆಚೀಟಿ:
ಪೋಸ್ಟ್‌ಮ್ಯಾನನಿಗೆ ಅಂಚೆಯಲ್ಲೇ ದುಡ್ಡು ಬಂತು ನೋಡಿ. ಬಹಳ ಸಂತೋಷವಾಯಿತು.

ನೇರ ಮಾತು:
ಒಪ್ಪಿದೆ ಎಲ್ಲ. ಗಂಟಲಿನ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ತಂತಿ ಮೀಟು:
ಕೊಡುತ್ತೇನೆ ಮಾರಾಯ. 1998ರಲ್ಲಿ ಕುತ್ತಿಗೆಯ ಕ್ಯಾನ್ಸರ್ ಬಂತು. ಶಸ್ತ್ರಚಿಕಿತ್ಸೆ, ವಿಕಿರಣ ಎಲ್ಲ ಆಗಿ ಕುತ್ತಿಗೆ ಒಂದು ಕಡೆ ವಾಲಿತು, ದನಿ ಕೆಳಗಿಳಿದು ಗೊಗ್ಗರಾಯಿತು. ಹಳೇ ಹಾಡುಗಳ ಶ್ರುತಿ ಇಳಿಸಿಕೊಂಡರು. ಹಾಗೆ ಇಳಿಸಿದ ಮೇಲೆ ಹಳೇ ಹಾಡುಗಳೇ ತಮಗೆ ಹೊಸದಾಗಿ ಸಿಕ್ಕವು ಅಂತ ಹೇಳುತ್ತಿದ್ದರು. 1971ರ ‘ಹಲೋ ಇನ್ ದೇರ್’ ಕೇಳು, ಆಮೇಲೆ ಕ್ಯಾನ್ಸರ್ ನಂತರ ಹಾಡಿದ್ದು ಕೇಳು. ಮೊದಲನೆಯದು ಮುದುಕನ ಬಗ್ಗೆ ಹುಡುಗ ಹಾಡಿದ್ದು. ಎರಡನೆಯದರಲ್ಲಿ ಮುದುಕನೇ ಹಾಡುತ್ತಾನೆ. 2013ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂದು ಅದಕ್ಕೂ ಶಸ್ತ್ರಚಿಕಿತ್ಸೆ ಆಯಿತು. ಮೆಟ್ಟಿಲು ಹತ್ತಿ ಇಳಿದು, ಏದುಸಿರಿನಲ್ಲೇ ಗಿಟಾರ್ ಎತ್ತಿಕೊಂಡು ಹಾಡಿ ಹಾಡಿ ಉಸಿರು ವಾಪಸ್ ತಂದುಕೊಂಡರು. 2018ರ ‘ದ ಟ್ರೀ ಆಫ್ ಫರ್ಗಿವ್‌ನೆಸ್’ ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಬಂತು. ಅವರ ಇಡೀ ಬದುಕಿನಲ್ಲೇ ಅತಿ ಮೇಲಿನ ಸ್ಥಾನ ಅದು, 71ನೇ ವಯಸ್ಸಿನಲ್ಲಿ!

ದುಃಖ ಜಾಸ್ತಿ ಅಂದೆಯಲ್ಲ, ಆ ಆಲ್ಬಮ್ಮಿನ ಕೊನೇ ಹಾಡು ಕೇಳು. ಸ್ವರ್ಗಕ್ಕೆ ಹೋಗಿ ದೇವರ ಕೈಕುಲುಕಿ, ವೋಡ್ಕಾ ಜೊತೆ ಜಿಂಜರ್ ಏಲ್ ಕುಡಿದು, ಕ್ಯಾನ್ಸರ್ ಬಂದ ಮೇಲೆ ಬಿಟ್ಟಿದ್ದ ಸಿಗರೇಟನ್ನು ಒಂಬತ್ತು ಮೈಲಿ ಉದ್ದದ್ದು ಸೇದುತ್ತೇನೆ ಅನ್ನುತ್ತಾರೆ. ಗಾಯಕಿ ಐರಿಸ್ ಡಿಮೆಂಟ್ ಜೊತೆ ಹಾಡಿದ ‘ಇನ್ ಸ್ಪೈಟ್ ಆಫ್ ಅವರ್‌ಸೆಲ್ವ್ಸ್’ ಕೂಡ ಕೇಳು, ಗಂಡ-ಹೆಂಡತಿ ಒಬ್ಬರ ದೋಷ ಒಬ್ಬರು ಎಣಿಸಿ ಎಣಿಸಿ ಪ್ರೀತಿಸುವುದು. ನಗದೇ ಇರಲು ಆಗುವುದಿಲ್ಲ.

ರಾತ್ರಿ ಪಾಳಿ:
ತಡವಾಗಿ ಬಂದೆ. ನಾನು ನರ್ಸ್. 2020ರಲ್ಲಿ ಕೋವಿಡ್ ವಾರ್ಡಿನಲ್ಲೇ ಇದ್ದೆ. ಪ್ರೈನ್ ಮಾರ್ಚ್ ಕೊನೆಯಲ್ಲಿ ಆಸ್ಪತ್ರೆಗೆ ಸೇರಿ ವೆಂಟಿಲೇಟರ್‌ನಲ್ಲಿ ಇದ್ದಾರೆ ಅಂತ ಸುದ್ದಿ ಬಂದಾಗ ನನಗೆ ಅವರು ಯಾರು ಅಂತ ಗೊತ್ತಿರಲಿಲ್ಲ. ಜೊತೆಯವರೊಬ್ಬರು ‘ಹಲೋ ಇನ್ ದೇರ್’ ಕಳಿಸಿದ್ದರು. ಪಾಳಿ ಮುಗಿಸಿ ಬಸ್ಸಿನಲ್ಲಿ ಕೇಳಿದೆ.

ಅದರಲ್ಲಿ ಒಂದು ಜಾಗ ಬರುತ್ತದೆ. ಮುದುಕ ಕಾರ್ಖಾನೆಯಲ್ಲಿ ಜೊತೆಗಿದ್ದ ಗೆಳೆಯ ರೂಡಿಗೆ ಫೋನ್ ಮಾಡಬೇಕು ಅಂದುಕೊಳ್ಳುತ್ತಾನೆ. ಆದರೆ ಏನು ಸಮಾಚಾರ ಅಂತ ಕೇಳಿದರೆ ಏನು ಹೇಳಲಿ, ಏನೂ ಇಲ್ಲವಲ್ಲ ಅಂತ ಯೋಚಿಸುತ್ತಾನೆ. ನಮ್ಮ ವಾರ್ಡಿನಲ್ಲಿ ಫೋನ್ ಹಿಡಿದು ಕೊಡುತ್ತಿದ್ದವಳು ನಾನು. ಎಷ್ಟೋ ವಯಸ್ಸಾದವರು ಬೇಡಮ್ಮ, ಏನು ಮಾತಾಡಲಿ, ಅವರಿಗೆ ಸುಮ್ನೆ ತೊಂದರೆ ಅನ್ನುತ್ತಿದ್ದರು. ಅದೇ ಮಾತು. ಅದಾದ ಮೇಲೆ ನಾನು ಬೇಡ ಅಂದರೂ ನಂಬರ್ ಒತ್ತಿ ಕೈಗೆ ಕೊಡುತ್ತಿದ್ದೆ.

ಅಂಚೆಚೀಟಿ:
ಒಳ್ಳೆಯ ಕೆಲಸ ಮಾಡಿದೆ ಮಗಳೇ.

ನೇರ ಮಾತು:
ಸರಿ, ಹೊಸಬನಿಗೆ ಯಾವ ಕ್ರಮದಲ್ಲಿ ಕೇಳಬೇಕು ಅಂತ ಯಾರಾದರೂ ಹೇಳಿ. ಮೊದಲಿನಿಂದ ಶುರು ಮಾಡುತ್ತೇನೆ.

ಹಳೇ ರೇಡಿಯೋ:
1971ರದ್ದು, ಆಮೇಲೆ 1991ರದ್ದು, ಆಮೇಲೆ 2018ರದ್ದು. ಮೂರು ವಯಸ್ಸು ಮೂರು ದನಿ.

ಮೂರನೇ ಸಾಲು:
1999ರ ಜೋಡಿ ಹಾಡುಗಳ ಆಲ್ಬಮ್ ಬಿಡಬೇಡಿ.

ಏಪ್ರಿಲ್ ಮಳೆ:
ತೀರಿಕೊಂಡ ಮೇಲೆ ಬಂದ ‘ಐ ರಿಮೆಂಬರ್ ಎವ್ರಿಥಿಂಗ್’ ಕೂಡ ಸೇರಿಸಿಕೊಳ್ಳಿ. ಅವರು ಧ್ವನಿಮುದ್ರಿಸಿದ ಕೊನೆಯ ಹಾಡು. 2021ರಲ್ಲಿ ಅದಕ್ಕೆ ಎರಡು ಗ್ರ್ಯಾಮಿ ಬಂತು.

ಸಾಗರದವಳು:
ತಂತಿ ಮೀಟು ಅವರೇ, ‘ಪ್ಯಾರಡೈಸ್’ ನುಡಿಸುವುದು ಕಷ್ಟವಾ? ತಮ್ಮನ ಗಿಟಾರ್ ಮನೆಯಲ್ಲಿ ಸುಮ್ನೆ ಇದೆ.

ತಂತಿ ಮೀಟು:
ಮೂರೇ ಕಾರ್ಡ್: ಡಿ, ಜಿ, ಎ. ಮೂರು ಮಾತ್ರೆಯ ನಡೆ. ಹೆಬ್ಬೆರಳಿನಲ್ಲಿ ಮೊದಲ ಮಾತ್ರೆ ಗಟ್ಟಿಯಾಗಿ, ಉಳಿದೆರಡು ಬೆರಳಿನಲ್ಲಿ ಹಗುರವಾಗಿ. ಮೊದಲು ಹಾಡದೆ ಬರೀ ಕೈ ಕೂರಿಸಿಕೊಳ್ಳಿ. ತಂತಿ ಹಳೆಯದಾಗಿದ್ದರೆ ಬದಲಿಸಿ, ಇಲ್ಲದಿದ್ದರೆ ಶ್ರುತಿ ನಿಲ್ಲುವುದಿಲ್ಲ.